ನಮ್ಮ ಮನೆಯ ಎರಡು ಮಾನಿಟರುಗಳು

ನಾವು ಈ ಶಾಲೆಯ ಒಂದನೆಯ ತರಗತಿಯಲ್ಲಿ ಕಲಿಯುತ್ತಿದ್ದಾಗ ಮಾನಿಟರ್ ಎಂದರೆ ಒಬ್ಬ ವಿದ್ಯಾರ್ಥಿ. ಮಾಸ್ತರರು ಕಾರ್ಯಾರ್ಥವಾಗಿ ಹೊರಗೆ ಹೋದರೆಂದರೆ ಸೀಮೆಸುಣ್ಣವನ್ನು ಹಿಡಿದು ಎದ್ದು ನಿಲ್ಲುವುದು, ಮಾತನಾಡಿದವರ ಹೆಸರನ್ನು ಕರಿಹಲಗೆಯ ಮೇಲೆ ಬರೆಯುವುದು, ಇವು ಆ ಪದವಿಯ ಅಧಿಕಾರಗಳು. ನಮ್ಮ ತರಗತಿಗೆ ಮಾತ್ರ ಅದೇಕೋ ಇಬ್ಬರು ಮಾನಿಟರುಗಳು ನೇಮಕವಾಗಿದ್ದರು. ಹಲಗೆಯ ಎಡಭಾಗ ಒಬ್ಬರದು, ಬಲಭಾಗ ಇನ್ನೊಬ್ಬರದು. ಗಡಿ ಎಲ್ಲಿಯೆಂಬುದು ಇತ್ಯರ್ಥವಾಗದೆ ದಿನವೂ ಜಗಳ. ಆ ಇಬ್ಬರಲ್ಲಿ ಒಬ್ಬಳು ನಮ್ಮ ಅಕ್ಕ. ಒಡಹುಟ್ಟಿದವನೆಂಬ ದಾಕ್ಷಿಣ್ಯವಿಲ್ಲದೆ ಆಕೆ ನಮ್ಮ ಹೆಸರನ್ನು ಅನೇಕ ಸಲ ಬರೆದಿದ್ದಾಳೆ.

ಈಗ ನಮಗೆ ಎಪ್ಪತ್ತೈದು ತುಂಬಿದೆ. ನಮ್ಮ ಮನೆಯ ಮೇಜಿನ ಮೇಲೆ ಪುನಃ ಇಬ್ಬರು ಮಾನಿಟರುಗಳು ಬಂದು ಕುಳಿತಿದ್ದಾರೆ. ಇವರು ಗಣಕಯಂತ್ರದ ಮಾನಿಟರುಗಳು, ಎಂದರೆ ತೆರೆಗಳು. ಲ್ಯಾಟಿನ್ ಭಾಷೆಯಲ್ಲಿ ಈ ಶಬ್ದದ ಮೂಲಕ್ಕೆ ಎಚ್ಚರಿಸು, ನೆನಪಿಸು ಎಂಬ ಅರ್ಥವಿದೆಯೆಂದು ತಿಳಿದಾಗ, ತರಗತಿಯ ಮಾನಿಟರಿಗೂ ಮೇಜಿನ ಮಾನಿಟರಿಗೂ ಇರುವ ನಂಟು ನಮಗೆ ಹೊಳೆಯಿತು. ಒಂದು ಮಾನಿಟರು ಸಾಲದೆ ಎರಡನೆಯದನ್ನು ಏಕೆ ಕೂಡಿಸಿದೆವು, ಹೇಗೆ ಕೂಡಿಸಿದೆವು ಎಂಬುದನ್ನು ಈ ಸಂಚಿಕೆಯ ವಾಚಕರ ಮುಂದೆ ಇಡುವುದು ನಮ್ಮ ಉದ್ದೇಶ. ಅದರ ಹಿಂದೆ ನಮ್ಮ ಒಂದು ತಪ್ಪಿದೆ. ಅದನ್ನು ಮುಚ್ಚಿಡುವುದಿಲ್ಲ.

ನಮ್ಮ ತಂದೆಯವರು ಗುಲಬರ್ಗಾ ಜಿಲ್ಲೆಯ ಹಳ್ಳಿಯೊಂದರಿಂದ ನಿಜಾಮರ ಕಾಲದಲ್ಲಿ ಹೈದರಾಬಾದಿಗೆ ಬಂದು, ಒಂದು ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ಹಗಲೆಲ್ಲ ಉರ್ದುವಿನಲ್ಲಿ ಬರೆದ ಕೈ ರಾತ್ರಿ ಕನ್ನಡಕ್ಕೆ ತಿರುಗುತ್ತಿತ್ತು. ಹೀಗೆ ಅವರು ಬರೆದಿಟ್ಟ ದಿನಚರಿಯ ವಹಿಗಳು ನಾಲ್ಕು. 1956ನೆಯ ನವೆಂಬರ 1ರಂದು ಬೀದರ, ಗುಲಬರ್ಗಾ, ರಾಯಚೂರು ಸೀಮೆಗಳು ಮೈಸೂರು ರಾಜ್ಯಕ್ಕೆ ಸೇರಿದಾಗ ಅನೇಕರು ಆ ಕಡೆಗೆ ಹೊರಟು ಹೋದರು. ತಂದೆಯವರು ಇಲ್ಲಿಯೇ ಉಳಿದರು. ಅವರೊಡನೆ ವಹಿಗಳೂ ಉಳಿದವು. ಈಗ ಆ ಕಾಗದ ಹಪ್ಪಳದಂತಾಗಿದೆ. ಮುಟ್ಟಿದರೆ ಅಂಚು ಉದುರುತ್ತದೆ. ಆದ್ದರಿಂದ ಒಮ್ಮೆ ಮಾತ್ರ ಒಂದೊಂದೇ ಪುಟವನ್ನು ತೆರೆದು ಫೋನಿನಲ್ಲಿ ಚಿತ್ರ ತೆಗೆದು, ವಹಿಗಳನ್ನು ಬಟ್ಟೆಯಲ್ಲಿ ಕಟ್ಟಿ ಪೆಟ್ಟಿಗೆಯಲ್ಲಿ ಇಟ್ಟೆವು. ಮಕ್ಕಳು ಮೊಮ್ಮಕ್ಕಳು ಓದಲೆಂದು ಆ ಚಿತ್ರಗಳನ್ನು ನೋಡಿಕೊಂಡು ಲ್ಯಾಪ್‌ಟಾಪಿನಲ್ಲಿ ಬೆರಳಚ್ಚು ಮಾಡಲು ಆರಂಭಿಸಿದೆವು.

ಲ್ಯಾಪ್‌ಟಾಪಿನ ತೆರೆ ಹದಿನೈದೂವರೆ ಅಂಗುಲದ್ದು. ಅದನ್ನು ಎರಡಾಗಿ ಹಂಚಿ ಅರ್ಧದಲ್ಲಿ ಚಿತ್ರ, ಅರ್ಧದಲ್ಲಿ ಬರಹ ಇಟ್ಟರೆ ಎರಡೂ ಕಿರಿದಾಗಿ, ಕಣ್ಣಿನ ಪೊರೆ ತೆಗೆಸಿಕೊಂಡ ನಮಗೆ ಒಂದೂ ಕಾಣದು. ಆದ್ದರಿಂದ ತೆರೆಯ ತುಂಬ ಚಿತ್ರವನ್ನು ನೋಡುವುದು, ಎಂಟು ಹತ್ತು ಶಬ್ದಗಳನ್ನು ನೆನಪಿನಲ್ಲಿ ಹೊತ್ತುಕೊಳ್ಳುವುದು, ಆಲ್ಟ್ ಮತ್ತು ಟ್ಯಾಬ್ ಎಂಬ ಕೀಲಿಗಳನ್ನು ಒತ್ತಿ ಬರಹದ ಪುಟಕ್ಕೆ ಬರುವುದು, ಹೊತ್ತು ತಂದುದನ್ನು ಇಳಿಸುವುದು, ಮತ್ತೆ ಹಿಂದಿರುಗುವುದು. ಬಾವಿಯಿಂದ ಬೊಗಸೆಯಲ್ಲಿ ನೀರು ತಂದು ಹಂಡೆ ತುಂಬಿಸಿದ ಹಾಗೆ. ದಾರಿಯಲ್ಲಿ ಎಷ್ಟು ಚೆಲ್ಲುತ್ತದೆ ಎಂಬುದರ ಕಡೆಗೆ ನಾವು ಲಕ್ಷ್ಯ ಕೊಡಲಿಲ್ಲ.

ಮೊದಲನೆಯ ವಹಿ ಮುಗಿದಾಗ ಅದನ್ನು ಮುದ್ರಿಸಿ, ಹೊಲಿಸಿ, ಯುಗಾದಿಯ ದಿನ ಅಕ್ಕನಿಗೆ ಕೊಟ್ಟು ಬಂದೆವು. ಎಂಟು ದಿನಗಳಾದ ಮೇಲೆ ಆಕೆಯ ಫೋನು ಬಂದಿತು.

“ತಮ್ಮಾ, ಛಂದ ಮಾಡೀಯಪ್ಪಾ. ಎಲ್ಲಾ ಓದಿದೆ. 1956ರ ಜೂನ್ ತಿಂಗಳದಾಗ ಸಾಲಿಗೆ ಹಾಕಿದ್ದು ನಿನ್ನ ಹೆಸರಷ್ಟೇ ಅದ. ನಂದು ಅಪ್ಪ ಬರದಿರಲಿಕ್ಕಿಲ್ಲ. ಇರಲಿ ಬಿಡು.”

ಆ ‘ಇರಲಿ ಬಿಡು’ ನಮ್ಮನ್ನು ಆ ರಾತ್ರಿ ಮಲಗಗೊಡಲಿಲ್ಲ. ಅಕ್ಕ ನಮಗಿಂತ ಮೂರು ವರ್ಷ ಹಿರಿಯಳು. ಕೂಸುಗಳನ್ನು ಆಡಿಸಲು ಮನೆಯಲ್ಲಿ ಕೈ ಬೇಕೆಂದು ಆಕೆಯನ್ನು ಒಂಬತ್ತನೆಯ ವಯಸ್ಸಿನ ತನಕ ಶಾಲೆಗೆ ಕಳಿಸಿರಲಿಲ್ಲ. ನಮ್ಮನ್ನು ಸೇರಿಸಿದ ದಿನವೇ ಅದೇ ತರಗತಿಗೆ ಆಕೆಯನ್ನೂ ಸೇರಿಸಿದರು. ‘ತಮ್ಮನ ಕೈ ಹಿಡಿದು ರಸ್ತೆ ದಾಟಿಸುವುದಕ್ಕಾಗಿ ಅಕ್ಕನಿಗೂ ಶಾಲೆ’ ಎಂದು ಬಂಧುಗಳು ನಗುತ್ತಿದ್ದರು. ಆ ನಗೆಯ ಮಾತನ್ನು ಆಕೆ ಎಷ್ಟು ವರ್ಷ ಮನಸ್ಸಿನಲ್ಲಿ ಹೊತ್ತಿದ್ದಳೆಂಬುದು ನಮಗೆ ಅಂದು ತಿಳಿಯಿತು.

ಬೆಳಗಾಗುವ ಮೊದಲೇ ಎದ್ದು ಆ ಪುಟದ ಚಿತ್ರವನ್ನು ತೆರೆದೆವು. ತಂದೆಯವರದು ಗುಮಾಸ್ತರ ಕೈ. ಪ್ರತಿಯೊಂದು ಬಾಬನ್ನೂ ಹೊಸ ಸಾಲಿನಲ್ಲಿ, ಒಂದೇ ಧಾಟಿಯಲ್ಲಿ ಆರಂಭಿಸುವುದು ಅವರ ರೂಢಿ. ಅಲ್ಲಿ ಒಂದರ ಕೆಳಗೊಂದು ಎರಡು ಸಾಲುಗಳಿದ್ದವು. ‘ಶಾಲೆಯಲ್ಲಿ ಮಗಳ ಹೆಸರು ಬರೆಸಿದೆ. ಮೂರು ವರ್ಷ ತಡ ಆಯಿತು. ತಪ್ಪು ನನ್ನದು.’ ಅದರ ಕೆಳಗೆ: ‘ಶಾಲೆಯಲ್ಲಿ ಮಗನ ಹೆಸರು ಬರೆಸಿದೆ. ಅಕ್ಕ ಜತೆಗಿದ್ದುದರಿಂದ ಅಳಲಿಲ್ಲ.’

ಮಗಳ, ಮಗನ. ಎರಡಕ್ಕೂ ಇರುವ ಅಂತರ ಒಂದೇ ಅಕ್ಷರ. ನಾವು ತೆರೆ ಬದಲಿಸಿ ಹಿಂದಿರುಗಿದಾಗ ಕಣ್ಣು ಮೇಲಿನ ಸಾಲನ್ನು ಬಿಟ್ಟು ಕೆಳಗಿನ ಸಾಲಿನಲ್ಲಿ ಇಳಿದಿತ್ತು. ಓಲೆಗರಿಗಳನ್ನು ಪ್ರತಿ ಮಾಡುತ್ತಿದ್ದ ಲಿಪಿಕಾರರಿಗೆ ಇದು ಬಹು ಹಳೆಯ ಪೀಡೆ. ಡಿ. ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’ 1964ರಲ್ಲಿ ಹೊರಬಂದುದು. ಪ್ರತಿಯನ್ನು ಮೂಲದೊಡನೆ ಹೋಲಿಸಿ ನೋಡದೆ ನಂಬಬಾರದೆಂಬ ಪಾಠವನ್ನು ನಾವು ತರುಣರಾಗಿದ್ದಾಗಲೇ ಕೇಳಿದ್ದೆವು. ಕೇಳಿದ್ದು ಬೇರೆ, ಮಾಡಿದ್ದು ಬೇರೆ.

ಕೂಡಲೇ ಅಕ್ಕನಿಗೆ ತಿಳಿಸಬಹುದಾಗಿತ್ತು. ಆದರೆ ಈ ಒಂದು ಸಾಲು ಬಿದ್ದಿದ್ದರೆ ಇನ್ನೆಷ್ಟು ಬಿದ್ದಿರಬೇಡ? ಅರ್ಧ ತಿದ್ದಿದ ಪ್ರತಿಯನ್ನು ಹಿಡಿದು ಆಕೆಯ ಮುಂದೆ ನಿಲ್ಲಲು ಮನಸ್ಸಾಗಲಿಲ್ಲ. ಮೂಲವೂ ಪ್ರತಿಯೂ ಏಕಕಾಲಕ್ಕೆ ಕಣ್ಣೆದುರು ಇರಬೇಕು, ಕೈ ಏನನ್ನೂ ಬದಲಿಸಬಾರದು, ಕಣ್ಣು ಮಾತ್ರ ಹೊರಳಬೇಕು. ಎರಡನೆಯ ಮಾನಿಟರಿನ ಯೋಚನೆ ಹುಟ್ಟಿದ್ದು ಹೀಗೆ.

ಅಟ್ಟದ ಮೇಲೆ ಮಗನ ಹಳೆಯ ಗಣಕಯಂತ್ರದ ಮಾನಿಟರೊಂದು ಬಟ್ಟೆ ಹೊದ್ದು ಮಲಗಿತ್ತು. ಕೆಳಗಿಳಿಸಿ ಒರೆಸಿ ನೋಡಿದರೆ ಅದರ ಬೆನ್ನಿನಲ್ಲಿ ಇದ್ದುದು ವಿ.ಜಿ.ಎ. ಎಂಬ ಪೋರ್ಟು ಒಂದೇ: ಮೂರು ಸಾಲು, ಸಾಲಿಗೆ ಐದರಂತೆ ಹದಿನೈದು ರಂಧ್ರಗಳು. ಇದು ಐ.ಬಿ.ಎಂ. ಸಂಸ್ಥೆಯವರು 1987ರಲ್ಲಿ ಬಳಕೆಗೆ ತಂದ ಪದ್ಧತಿ. ನಮ್ಮ ಲ್ಯಾಪ್‌ಟಾಪಿನಲ್ಲಿ ಇರುವುದಾದರೋ ಎಚ್.ಡಿ.ಎಂ.ಐ. ಎಂಬ ಚಪ್ಪಟೆಯ ಪೋರ್ಟು. ವಿ.ಜಿ.ಎ. ತಂತಿಯಲ್ಲಿ ಕೆಂಪು, ಹಸಿರು, ನೀಲಿ ಬಣ್ಣಗಳು ಏರಿಳಿಯುವ ವಿದ್ಯುತ್ತಿನ ರೂಪದಲ್ಲಿ, ರಾಗದ ಆಲಾಪದಂತೆ ಹರಿಯುತ್ತವೆ. ಎಚ್.ಡಿ.ಎಂ.ಐ. ತಂತಿಯಲ್ಲಿ ಅವೇ ಬಣ್ಣಗಳು ಅಂಕೆಗಳಾಗಿ, ಲೆಕ್ಕದ ವಹಿಯಂತೆ ಹೋಗುತ್ತವೆ. ಆಲಾಪಕ್ಕೂ ಲೆಕ್ಕಕ್ಕೂ ನಡುವೆ ಒಬ್ಬ ದುಭಾಷಿ ಬೇಕು. ಅವನ ಹೆಸರು ಕನ್ವರ್ಟರ್.

ಈ ನಗರದಲ್ಲಿ ಅಂತಹ ವಸ್ತುಗಳಿಗೆ ಸಿಕಂದರಾಬಾದಿನ ಪಾರ್ಕ್ ಲೇನ್ ಪ್ರಸಿದ್ಧ. ಅಲ್ಲಿಯ ಚೆನಾಯ್ ಟ್ರೇಡ್ ಸೆಂಟರನ್ನು ಎಲ್ಲರೂ ಸಿ.ಟಿ.ಸಿ. ಎಂದೇ ಕರೆಯುತ್ತಾರೆ. ಮೆಟ್ರೋ ರೈಲಿನಲ್ಲಿ ಹೋಗಿ ಪ್ಯಾರಡೈಸ್ ನಿಲ್ದಾಣದಲ್ಲಿಳಿದು ನಡೆದೆವು. ಒಂದು ಸಣ್ಣ ಅಂಗಡಿಯಲ್ಲಿ ಕನ್ವರ್ಟರ್ ಬೇಕೆಂದು ಕೇಳಿದಾಗ ಅಲ್ಲಿದ್ದ ಹುಡುಗ ದಖನಿಯಲ್ಲಿ, “ಕಿಧರ್ ಸೇ ಕಿಧರ್, ಚಾಚಾ?” ಎಂದ. ಎಲ್ಲಿಂದ ಎಲ್ಲಿಗೆ ಎಂಬುದು ಅವನ ಪ್ರಶ್ನೆ. ನಮಗೆ ಅದರ ಮರ್ಮ ತಿಳಿಯಲಿಲ್ಲ. ತಿಳಿಯಲಿಲ್ಲವೆಂದು ಒಪ್ಪಿಕೊಳ್ಳಲು ಸಂಕೋಚ. ಮಾನಿಟರಿನ ಹೆಸರನ್ನೇ ಮೊದಲು ಹೇಳಿ, “ವಿ.ಜಿ.ಎ. ಸೇ ಎಚ್.ಡಿ.ಎಂ.ಐ.” ಎಂದು ಗಂಭೀರವಾಗಿ ನುಡಿದೆವು. ಅವನು ಕೇಳಿದ್ದನ್ನು ಕೊಟ್ಟ.

ಮನೆಗೆ ಬಂದು ಜೋಡಿಸಿದರೆ ಎಲ್ಲವೂ ಅಚ್ಚುಕಟ್ಟಾಗಿ ಕೂಡಿಕೊಂಡಿತು. ತಪ್ಪು ವಸ್ತು ಸರಿಯಾದ ರಂಧ್ರದಲ್ಲಿ ಕೂಡಬಹುದೆಂಬ ತಿಳಿವಳಿಕೆ ನಮಗಿರಲಿಲ್ಲ. ತೆರೆಯ ಮೇಲೆ ‘ನೋ ಸಿಗ್ನಲ್’ ಎಂಬ ಪಟ್ಟಿಯೊಂದು ಅತ್ತಿಂದಿತ್ತ ಈಜಾಡುತ್ತಿತ್ತು. ಗುಂಡಿಗಳನ್ನು ಒತ್ತಿದೆವು, ತಂತಿ ಬಿಚ್ಚಿ ಮತ್ತೆ ಹಾಕಿದೆವು, ಯಂತ್ರವನ್ನು ಆರಿಸಿ ಹೊತ್ತಿಸಿದೆವು. ಸಂಜೆ ಮೊಮ್ಮಗ ಬಂದು ಆ ಕರಿಯ ಡಬ್ಬಿಯನ್ನು ತಿರುಗಿಸಿ ನೋಡಿ ನಕ್ಕುಬಿಟ್ಟ.

“ಅಜ್ಜಾ, ಇದು ಒನ್‌ವೇ ರಸ್ತಾ. ಹಳೇ ಕಂಪ್ಯೂಟರಿನಿಂದ ಹೊಸ ಟೀವಿಗೆ ಹೋಗೂದು. ನಿಮಗ ಹೊಸ ಕಂಪ್ಯೂಟರಿನಿಂದ ಹಳೇ ಮಾನಿಟರಿಗೆ ಹೋಗಬೇಕಾಗೇದ.”

ಆಲಾಪವನ್ನು ಲೆಕ್ಕಕ್ಕೆ ಇಳಿಸುವ ದುಭಾಷಿ ಲೆಕ್ಕವನ್ನು ಆಲಾಪಕ್ಕೆ ಏರಿಸಲಾರ. ಅವು ಎರಡು ಬೇರೆ ವಿದ್ಯೆಗಳು. ಮರುದಿನ ಅಂಗಡಿಯ ಹುಡುಗ ಮರುಮಾತಿಲ್ಲದೆ ಬದಲಿಸಿಕೊಟ್ಟ. ಕನ್ವರ್ಟರ್ ಕೊಳ್ಳುವ ವಿದ್ಯಾರ್ಥಿಗಳು ‘ಎಲ್ಲಿಂದ’ ಎಂಬ ಸ್ಥಾನದಲ್ಲಿ ಗಣಕವನ್ನೂ ‘ಎಲ್ಲಿಗೆ’ ಎಂಬ ಸ್ಥಾನದಲ್ಲಿ ಮಾನಿಟರನ್ನೂ ಹೇಳತಕ್ಕದ್ದು.

ಈ ಸಲ ತೆರೆ ಬೆಳಗಿತು. ಆದರೆ ಲ್ಯಾಪ್‌ಟಾಪಿನಲ್ಲಿ ಏನಿತ್ತೋ ಅದೇ ಅಲ್ಲಿಯೂ ಮೂಡಿತು. ತಂದೆಯವರ ಒಂದು ಪುಟ ಎರಡು ಕಡೆ. ಇದರಿಂದ ನಮಗೇನು ಪ್ರಯೋಜನ? ಮೊಮ್ಮಗ ವಿಂಡೋಸ್ ಕೀಲಿಯನ್ನು ಒತ್ತಿಹಿಡಿದು ಪಿ ಎಂಬ ಅಕ್ಷರವನ್ನು ಒತ್ತಿದ. ನಾಲ್ಕು ಆಯ್ಕೆಗಳು ತೋರಿದವು: ಗಣಕದ ತೆರೆ ಮಾತ್ರ, ಡೂಪ್ಲಿಕೇಟ್, ಎಂದರೆ ತದ್ರೂಪ, ಎಕ್ಸ್‌ಟೆಂಡ್, ಎಂದರೆ ವಿಸ್ತಾರ, ಎರಡನೆಯ ತೆರೆ ಮಾತ್ರ. ಸಭೆಯಲ್ಲಿ ಭಾಷಣ ಮಾಡುವವರಿಗೆ ತದ್ರೂಪ ಬೇಕು. ಮೇಜಿನ ಮುಂದೆ ಕುಳಿತು ಕೆಲಸ ಮಾಡುವವರಿಗೆ ವಿಸ್ತಾರ ಬೇಕು. ಆಗ ಎರಡು ತೆರೆಗಳೂ ಸೇರಿ ಒಂದೇ ದೊಡ್ಡ ಮೇಜಾಗುತ್ತವೆ. ಮ್ಯಾಕಿಂಟಾಷ್ ಗಣಕಗಳಲ್ಲಿ ಈ ಸೌಕರ್ಯ 1987ರಲ್ಲಿಯೇ ಇತ್ತು, ವಿಂಡೋಸಿನಲ್ಲಿ 1998ರಲ್ಲಿ ಬಂದಿತು. ನಮ್ಮ ಮನೆಗೆ ತಲುಪಲು ಇಷ್ಟು ಕಾಲ ಹಿಡಿಯಿತು.

ವಿಸ್ತಾರವನ್ನು ಆರಿಸಿಕೊಂಡ ಮೇಲೂ ಒಂದು ತೊಡಕು. ನಾವು ಹಳೆಯ ಮಾನಿಟರನ್ನು ಎಡಗಡೆಗೆ ಇಟ್ಟಿದ್ದೆವು. ಮೌಸಿನ ಬಾಣವನ್ನು ಎಡಕ್ಕೆ ಒಯ್ದರೆ ಗೋಡೆಗೆ ತಲೆ ಬಡಿದಂತೆ ಅಂಚಿಗೆ ನಿಂತುಬಿಡುತ್ತಿತ್ತು. ಬಲಕ್ಕೆ ಒಯ್ದರೆ ಮಾಯವಾಗಿ ಎಡಗಡೆಯ ತೆರೆಯ ಅತ್ತಲಿನ ಅಂಚಿನಿಂದ ಇಣುಕುತ್ತಿತ್ತು. ಎರಡನೆಯ ತೆರೆ ಬಲಕ್ಕಿದೆಯೆಂದು ಗಣಕ ಊಹಿಸಿಕೊಂಡಿತ್ತು. ಅದಕ್ಕೆ ಕಣ್ಣಿಲ್ಲ. ನಾವು ಯಾವುದನ್ನು ಎಲ್ಲಿ ಇಟ್ಟಿದ್ದೇವೆಂದು ಅದಕ್ಕೆ ಯಾರಾದರೂ ಹೇಳಬೇಕು. ಡಿಸ್‌ಪ್ಲೇ ಸೆಟ್ಟಿಂಗ್ಸ್ ಎಂಬಲ್ಲಿ ಎರಡು ಚೌಕಗಳು 1, 2 ಎಂಬ ಅಂಕೆಗಳೊಡನೆ ಕಾಣುತ್ತವೆ. ಐಡೆಂಟಿಫೈ ಎಂಬುದನ್ನು ಒತ್ತಿದರೆ ಯಾವ ಅಂಕೆ ಯಾವ ತೆರೆಯದೆಂದು ದೊಡ್ಡದಾಗಿ ಮೂಡುತ್ತದೆ. ಎರಡನೆಯ ಚೌಕವನ್ನು ಎಳೆದು ಒಂದನೆಯದರ ಎಡಕ್ಕೆ ಕೂಡಿಸಿ ಒಪ್ಪಿಗೆಯ ಗುಂಡಿಯನ್ನು ಒತ್ತಿದ ಕೂಡಲೇ ಗಡಿಯ ತಂಟೆ ತೀರಿತು. ನಮ್ಮ ಒಂದನೆಯ ತರಗತಿಯ ಕರಿಹಲಗೆಗೂ ಇಂತಹ ಒಂದು ಉಪಾಯ ಇದ್ದಿದ್ದರೆ ಎಷ್ಟು ಜಗಳ ಉಳಿಯುತ್ತಿತ್ತು!

ಇನ್ನು ಯಾವ ತೆರೆಯ ಮೇಲೆ ಯಾವುದು? ದೊಡ್ಡ ತೆರೆಯ ಮೇಲೆ ತಂದೆಯವರ ಅಕ್ಷರ ಇರಲೆಂದು ಮೊದಲು ಹಾಗೆಯೇ ಇಟ್ಟೆವು. ಮಸುಕಾಗಿ ಕಂಡಿತು. ಹಳೆಯ ಮಾನಿಟರಿನಲ್ಲಿ ಅಡ್ಡಕ್ಕೆ 1366, ಉದ್ದಕ್ಕೆ 768 ಚುಕ್ಕೆಗಳು, ಒಟ್ಟು 10,49,088. ಲ್ಯಾಪ್‌ಟಾಪಿನಲ್ಲಿ 1920ಕ್ಕೆ 1080ರಂತೆ 20,73,600. ತೆರೆ ಚಿಕ್ಕದಾದರೂ ಚುಕ್ಕೆಗಳು ಹತ್ತಿರ ಹತ್ತಿರ ಇಮ್ಮಡಿ. ಆದ್ದರಿಂದ ಮಾಸಿದ ಕೈಬರಹ ಚಿಕ್ಕ ತೆರೆಯಲ್ಲಿಯೇ ಸ್ಫುಟ. ಒತ್ತಕ್ಷರ ಒಡೆದು ಕಾಣುವಂತೆ ದೊಡ್ಡದು ಮಾಡಿದ ನಮ್ಮ ಬರಹಕ್ಕೆ ಹಳೆಯ ತೆರೆ ಸಾಕು. ತಂದೆಯವರು ಬಲಕ್ಕೆ, ನಾವು ಎಡಕ್ಕೆ ಎಂದಾಯಿತು. ಎರಡರ ಎತ್ತರ ಸಮನಾಗಲು ಲ್ಯಾಪ್‌ಟಾಪಿನ ಕೆಳಗೆ ನಿಘಂಟಿನ ಒಂದು ಸಂಪುಟವನ್ನು ಇಟ್ಟೆವು. ಪುಸ್ತಕದ ಮೇಲೆ ಯಂತ್ರ ಕೂಡಬಾರದೆಂದು ಮನೆಯಾಕೆ ಅದನ್ನು ತೆಗೆದು ಊಟದ ಮಣೆಯನ್ನು ಇಟ್ಟಳು. ಅದೇ ಈಗಲೂ ಇದೆ. ಕೀಲಿಮಣೆಯನ್ನು ಮಾತ್ರ ಬೇರೆಯಾಗಿ ತಂದು ಮುಂದೆ ಇಟ್ಟುಕೊಂಡೆವು.

ಈ ಹೊಸ ವ್ಯವಸ್ಥೆಯ ಮೊದಲನೆಯ ಓದುಗ ನಮ್ಮ ಮೊಮ್ಮಗ. ಅವನು ಮನೆಯಲ್ಲಿ ಕನ್ನಡ ಆಡುತ್ತಾನೆ. ಶಾಲೆಯಲ್ಲಿ ಓದುವುದು ಇಂಗ್ಲಿಷ್ ಮತ್ತು ತೆಲುಗು. ಕನ್ನಡ ಓದಲು ಬಾರದೆಂದು ತಾನೇ ನಂಬಿದ್ದ. ಎಡಗಡೆಯ ತೆರೆಯ ದೊಡ್ಡ ಅಕ್ಷರಗಳನ್ನು ನೋಡುತ್ತ ನೋಡುತ್ತ, ತಲೆಕಟ್ಟಿನ ಭೇದವನ್ನು ಬಿಟ್ಟರೆ ಅನೇಕ ಅಕ್ಷರಗಳು ತನಗೆ ಪರಿಚಿತವೆಂದು ಕಂಡುಕೊಂಡ. ಎರಡೂ ಲಿಪಿಗಳು ಒಂದೇ ಬೇರಿನಿಂದ ಒಡೆದವು. ಯೂನಿಕೋಡ್ ಎಂಬ ಗಣಕದ ಅಕ್ಷರಕೋಷದಲ್ಲಿಯೂ ತೆಲುಗು ಕನ್ನಡಗಳಿಗೆ ಅಕ್ಕಪಕ್ಕದ ಮನೆ. ಒಂದೊಂದಕ್ಕೂ 128 ಸ್ಥಾನಗಳು. ತೆಲುಗಿನ ಕಕಾರದ ಸಂಖ್ಯೆಗೆ 128 ಕೂಡಿಸಿದರೆ ಕನ್ನಡದ ಕಕಾರ. ಪಂಪನ ತಮ್ಮ ಜಿನವಲ್ಲಭ ಹತ್ತನೆಯ ಶತಮಾನದಲ್ಲಿ ಇದೇ ತೆಲಂಗಾಣದ ಕುರಿಕ್ಯಾಲದ ಬಂಡೆಯ ಮೇಲೆ ಸಂಸ್ಕೃತ, ಕನ್ನಡ, ತೆಲುಗು ಮೂರನ್ನೂ ಕೆತ್ತಿಸಿದ್ದಾನೆ. ಅವನಿಗೆ ಒಂದು ಬಂಡೆಯಲ್ಲಿ ಸ್ಥಳ ಸಾಕಾಗಿತ್ತು. ಹುಡುಗ ಒಂದೊಂದೇ ಅಕ್ಷರ ಕೂಡಿಸಿ, “ತ-ಪ್ಪು ನ-ನ್ನ-ದು” ಎಂದು ಓದಿ, “ಇದು ಯಾರು ಯಾರಿಗೆ ಹೇಳಿದ್ದು ಅಜ್ಜಾ?” ಎಂದು ಕೇಳಿದ. ನಾವು ಹೇಳಿದೆವು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ಮುಂದಿನ ಸಾಲಿಗೆ ಹೋದ.

ಮೊದಲನೆಯ ವಹಿಯನ್ನು ಹೀಗೆ ಮತ್ತೊಮ್ಮೆ ಮೂಲದೊಡನೆ ಹೋಲಿಸಲು ನಮಗೆ ಒಂದು ತಿಂಗಳು ಹಿಡಿಯಿತು. ಆರಂಭದ ಪುಟಗಳಲ್ಲಿ ತಂದೆಯವರು ಫಸಲಿ ವರ್ಷವನ್ನೇ ಬರೆದಿದ್ದಾರೆ. ಅದಕ್ಕೆ 590 ಕೂಡಿಸಿದರೆ ಇಸವಿ ದೊರೆಯುತ್ತದೆ. ಆದರೆ ನಿಜಾಮರ ರಾಜ್ಯದಲ್ಲಿ ವರ್ಷ ಅಕ್ಟೋಬರದಲ್ಲಿ ಆರಂಭವಾಗುತ್ತಿದ್ದುದರಿಂದ ತಿಂಗಳನ್ನೂ ನೋಡಬೇಕು. ಈ ಲೆಕ್ಕದಲ್ಲಿ ಎರಡು ಕಡೆ ಜಾರಿದ್ದೆವು. ಬಿಟ್ಟುಹೋದ ಸಾಲುಗಳು ಅಕ್ಕನದೂ ಸೇರಿ ಹನ್ನೊಂದು ಸಿಕ್ಕವು. ಹನ್ನೊಂದರಲ್ಲಿ ಒಂಬತ್ತು ಕಡೆ ಒಂದೇ ರೀತಿ ಆರಂಭವಾಗುವ ಎರಡು ಸಾಲುಗಳಲ್ಲಿ ಮೇಲಿನದು ಬಿದ್ದಿತ್ತು. ಒಂದು ತೆರೆಯಲ್ಲಿ ಬೆರಳಚ್ಚು ಮಾಡುವಾಗ ನಮಗೆ ಏನೂ ಬಿಟ್ಟಿಲ್ಲವೆಂದು ಪೂರ್ಣ ಭರವಸೆಯಿತ್ತು. ಬಿದ್ದುಹೋದ ಸಾಲು ತಾನು ಬಿದ್ದೆನೆಂದು ಕೂಗುವುದಿಲ್ಲ.

ತಿದ್ದಿದ ಪ್ರತಿಯನ್ನು ಮುದ್ರಿಸಿಟ್ಟು, ಅಕ್ಕನನ್ನು ಒಂದು ಭಾನುವಾರ ಊಟಕ್ಕೆ ಕರೆದೆವು. ಪ್ರತಿಯನ್ನು ಕೈಗೆ ಕೊಡಹೋದರೆ ಆಕೆ ಮುಟ್ಟಲಿಲ್ಲ.

“ನಿನ್ನ ಅಚ್ಚಿನ ಅಕ್ಷರ ಆಮ್ಯಾಲೆ ನೋಡ್ತೀನಿ. ಅಪ್ಪನ ಅಕ್ಷರ ಎಲ್ಲಿ ಅದ ತೋರಸು” ಎಂದಳು.

ಮೇಜಿನ ಮುಂದೆ ಕೂಡಿಸಿ ಆ ಪುಟವನ್ನು ಬಲಗಡೆಯ ತೆರೆಯ ಮೇಲೆ ತೆರೆದೆವು. ಕನ್ನಡಕವನ್ನು ಸೆರಗಿನಿಂದ ಒರೆಸಿ ಹಾಕಿಕೊಂಡಳು. ಓದಿದಳು. ತೆರೆಯ ಮೇಲೆ ಬೆರಳಿಟ್ಟು ಇನ್ನೊಮ್ಮೆ ಓದಿದಳು. ನಾವು ಕಿಟಕಿಯ ಕಡೆಗೆ ತಿರುಗಿಕೊಂಡೆವು. ಬಹಳ ಹೊತ್ತಿನ ಮೇಲೆ ಆಕೆಯ ದನಿ ಕೇಳಿತು. ಆ ದನಿಯಲ್ಲಿ ಅಳುವಿರಲಿಲ್ಲ, ಮಾನಿಟರಿನ ಕಾಠಿಣ್ಯವಿತ್ತು.

“ಇಲ್ಲಿ ಅಪ್ಪ ‘ತಡ ಆಯಿತು’ ಅಂತ ಬರದಾರ. ನೀ ಆ ಕಡೆ ‘ತಡವಾಯಿತು’ ಅಂತ ಮಾಡೀದಿ. ಅವರು ಬರದಾಂಗ ಇಡು.”

ನೋಡಿದರೆ ನಿಜ. ಎರಡು ತೆರೆಗಳನ್ನು ಕೂಡಿಸಿಯೂ ಆ ಸಾಲನ್ನೇ ನಾವು ತಪ್ಪಿದ್ದೆವು. ಎರಡು ಮಾನಿಟರುಗಳು ಮೂಲವನ್ನೂ ಪ್ರತಿಯನ್ನೂ ಎದುರುಬದುರು ನಿಲ್ಲಿಸಬಲ್ಲವು, ಅಷ್ಟೇ. ನಡುವೆ ಹೊರಳುವ ಕಣ್ಣು ಅವಸರದ್ದಾದರೆ ಯಂತ್ರ ಏನು ಮಾಡೀತು? ನಾವು ವ್ಯಾಕರಣಶುದ್ಧಿಯ ಅಭ್ಯಾಸಬಲದಿಂದ ಸಂಧಿ ಮಾಡಿದ್ದೆವು. ಅಕ್ಕ ಆ ಸಾಲಿಗಾಗಿ ಸುಮಾರು ಎಪ್ಪತ್ತು ವರ್ಷ ಕಾದವಳು. ಆಕೆ ಒಂದು ಅಕ್ಷರವನ್ನೂ ಬಿಡಲಿಲ್ಲ.

ಅಂದಿನಿಂದ ಭಾನುವಾರಗಳಂದು ಅಕ್ಕ ಬರುತ್ತಾಳೆ. ಬಲಗಡೆಯ ತೆರೆಯನ್ನು ನೋಡುತ್ತ ಆಕೆ ಗಟ್ಟಿಯಾಗಿ ಓದುತ್ತಾಳೆ, ಎಡಗಡೆಯ ತೆರೆಯಲ್ಲಿ ನಾವು ಬೆರಳಿಟ್ಟು ಹಿಂಬಾಲಿಸುತ್ತೇವೆ. ಈಗ ಎರಡನೆಯ ವಹಿ ಅರ್ಧ ಮುಗಿದಿದೆ. ಮೇಜಿನ ಮೇಲೆ ಆಕೆಯದೊಂದು ಹಾಳೆಯಿದೆ. ನಮ್ಮ ತಪ್ಪುಗಳನ್ನು ಆಕೆ ಅದರಲ್ಲಿ ಬರೆದಿಡುತ್ತಾಳೆ. ಮೊದಲನೆಯ ದಿನದ ಪಟ್ಟಿಯಲ್ಲಿ ಹದಿನೇಳು ಇದ್ದವು. ಪಟ್ಟಿಯ ಮೇಲೆ ನಮ್ಮ ಹೆಸರನ್ನೂ ಬರೆದಿದ್ದಳು.